ನಾಲ್ಕು ನಮಾನ್ ಮರಿಯೆ

ನಿಜ ಹೇಳಬೇಕೆಂದರೆ ನನಗೆ ಬಿಲ್ಲೂ ಬೇಡ, ಬಾಣವೂ ಬೇಡ. ಡ್ಯೂಟಿ ಮುಗಿಸಿ ಬಂದವಳನ್ನು ಕಾಲು ಚಾಚಿ ಒಂದು ಲೋಟ ಚಹಾ ಕುಡಿಯಲು ಬಿಟ್ಟಿದ್ದರೆ ಸಾಕಿತ್ತು. ಹನ್ನೆರಡು ಗಂಟೆ ವಾರ್ಡಿನಲ್ಲಿ ನಿಂತ ಕಾಲು ನನ್ನದು, ಐವತ್ತೈದು ವರ್ಷದ್ದು. ದೋಹಾ ಅಲ್ ಜದೀದಾದ ನಮ್ಮ ಕಟ್ಟಡದ ಲಿಫ್ಟು ವಾರಕ್ಕೆ ಮೂರು ದಿನ ಕೆಟ್ಟಿರುತ್ತದೆ. ಮೂರು ಮಹಡಿ ಹತ್ತಿ ಬಾಗಿಲು ತೆರೆದರೆ ಹಾಲಿನ ಮಧ್ಯೆ ನನ್ನ ಗಂಡ ಬಿಲ್ಲು ಹಿಡಿದು ನಿಂತಿರುತ್ತಿದ್ದ. ನಿಂತಿದ್ದರೆ ಪುಣ್ಯ. ಒಮ್ಮೊಮ್ಮೆ ಅಡುಗೆಮನೆಯ ಅಕ್ಕಿ ಚೀಲದ ಮೇಲೆ ಮೊಣಕಾಲೂರಿ ಕೂತಿರುತ್ತಿದ್ದ, ಒಮ್ಮೊಮ್ಮೆ ಸ್ನಾನದ ಮನೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸೊಂಟ ತಿರುಗಿಸಿ ಕೂತು ಫ್ರಿಜ್ಜಿಗೆ ಗುರಿ ಇಟ್ಟಿರುತ್ತಿದ್ದ. ಒಂದು ಸಂಜೆ ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತು ಕೆಳಗಿರುವ ನನ್ನ ಚಪ್ಪಲಿಯನ್ನು ನೋಡುತ್ತಿದ್ದ.

ಬಿದ್ದು ಸೊಂಟ ಮುರಿದರೆ ನಾನು ನೋಡುವವಳಲ್ಲ, ನನಗೆ ಆಸ್ಪತ್ರೆಯಲ್ಲಿ ಇರುವವರೇ ಸಾಕಾಗಿದೆ ಎಂದು ಬೈದೆ. ಲೆಸ್ಲಿ ನಕ್ಕ. ಬೈದರೆ ನಗುವುದು ಅವನ ಹಳೆಯ ಚಾಳಿ.

ಈ ಹುಚ್ಚು ಹಿಡಿಸಿದವರು ಹಾಶಿಮ್. ನಮ್ಮ ಊರಿನ ಕಡೆಯವರೇ, ಉಳ್ಳಾಲದವರು. ಅವರ ತಂದೆಯ ಕಾಲದಿಂದ ಕತಾರಿನಲ್ಲಿ ಇರುವ ಕುಟುಂಬ. ಹಮದ್ ಬಂದರಿನಲ್ಲಿ ಲೆಸ್ಲಿ ಹಡಗಿನಿಂದ ಇಳಿದ ಕಂಟೇನರುಗಳನ್ನು ಎಲ್ಲಿಡಬೇಕೆಂದು ಪ್ಲಾನ್ ಮಾಡುವವನು, ಹಾಶಿಮ್ ಅವನ್ನು ಕಸ್ಟಮ್ಸಿನಿಂದ ಬಿಡಿಸುವ ಏಜೆಂಟರು. ಅವರು ಇವನನ್ನು ಊರಿನ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಪೊರ್ಬುಲೇ ಎನ್ನುವುದು, ಇವನು ಅವರನ್ನು ಊರಿನ ಮುಸ್ಲಿಮರನ್ನು ಕರೆಯುವ ಹಾಗೆ ಬ್ಯಾರಿಗಳೇ ಎನ್ನುವುದು, ಇಬ್ಬರೂ ತುಳುವಿನಲ್ಲಿ ಒಬ್ಬರ ಕಾಲೊಬ್ಬರು ಎಳೆಯುವುದು ಇಪ್ಪತ್ತು ವರ್ಷದಿಂದ ನಡೆದಿದೆ. ಹಾಶಿಮ್ ಎರಡು ವರ್ಷಕ್ಕೊಮ್ಮೆ ದಕ್ಷಿಣ ಆಫ್ರಿಕಾಕ್ಕೆ ಬಿಲ್ಲುಬೇಟೆಗೆ ಹೋಗುವವರು. ಅಲ್ಲಿ ದೊಡ್ಡ ದೊಡ್ಡ ಫಾರ್ಮುಗಳಲ್ಲಿ ಲೈಸೆನ್ಸು ಪಡೆದು ಜಿಂಕೆ ಹೊಡೆಯಬಹುದಂತೆ. ಕಳೆದ ನವೆಂಬರಿನಲ್ಲಿ ಲೆಸ್ಲಿಯನ್ನೂ ಕರೆದರು. ಇವನಿಗೆ ಏಪ್ರಿಲ್ ಕೊನೆಗೆ ಅರವತ್ತು, ಅಲ್ಲಿಗೆ ಕೆಲಸ ಖಲಾಸ್, ವೀಸಾ ಖಲಾಸ್. ಅದಕ್ಕೆ ಮೊದಲು ಏಪ್ರಿಲ್ ನಡುವಿನಲ್ಲಿ ಹತ್ತು ದಿನದ ಪ್ರವಾಸ.

ಬೇಡವೆಂಬ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯ ಕಂಡದ್ದು ಮಂಗಳೂರಿನ ವಿಮಾನ ನಿಲ್ದಾಣ ಮತ್ತು ದೋಹಾದ ವಿಮಾನ ನಿಲ್ದಾಣ, ಅಷ್ಟೇ. ತನಗಾಗಿ ಒಂದು ಒಳ್ಳೆಯ ವಾಚ್ ಕೂಡ ಕೇಳಿದವನಲ್ಲ. ಯಾಕೆ ಬೇಕು ಇದು ಎಂದು ಕೇಳಿದ್ದಕ್ಕೆ, ಇಷ್ಟು ವರ್ಷ ಬೇರೆಯವರ ಪೆಟ್ಟಿಗೆ ಎತ್ತಿ ಇಳಿಸಿದ್ದಾಯಿತು, ಒಮ್ಮೆ ನಾನೇ ಕಾದು, ನಾನೇ ತೀರ್ಮಾನಿಸಿ ಒಂದು ಕೆಲಸ ಮಾಡಬೇಕು ಎಂದ. ಹಾಗೆ ಹೇಳುವಾಗ ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಹೋಗು ಮಾರಾಯಾ ಎಂದೆ.

ಆದರೆ ಹಾಶಿಮ್ ಒಂದು ಶರತ್ತು ಇಟ್ಟರು. ಅವರ ಜೊತೆ ಬರುವ ಯಾರೇ ಆಗಲಿ, ಬಿಲ್ಲನ್ನು ಪೂರ್ತಿ ಎಳೆದು ಕೂತಲ್ಲೇ ಒಂದು ನಿಮಿಷ ಹಿಡಿಯಬೇಕು, ಆಮೇಲೆ ಬಾಣ ಬಿಟ್ಟು ಇಪ್ಪತ್ತು ಮೀಟರಿನಲ್ಲಿರುವ ತಟ್ಟೆಯಗಲದ ಗುರಿಗೆ ತಾಗಿಸಬೇಕು. ಆಗದವನು ಬರುವ ಹಾಗಿಲ್ಲ, ಸ್ವಂತ ಭಾವನೇ ಆದರೂ. ಅದಕ್ಕೆ ಕಾರಣವೂ ಉಂಟು. ಹಿಂದಿನ ಸಲ ಹುಲ್ಲಿನ ಮರೆಗೂಡಿನೊಳಗೆ ಕೂತು ಅವರು ಒಂದು ಸುರುಳಿಕೊಂಬಿನ ಜಿಂಕೆಗೆ ಬಿಲ್ಲೆಳೆದಿದ್ದರಂತೆ. ಜಿಂಕೆ ಎದೆ ತೋರಿಸಿ ನಿಂತಿದೆ, ಪಕ್ಕೆಗೆ ತಾಗಿದರಷ್ಟೇ ಅದು ಬೇಗ ಸಾಯುವುದು, ಪಕ್ಕಕ್ಕೆ ತಿರುಗುವುದೇ ಇಲ್ಲ. ಎಳೆದ ಬಿಲ್ಲು ಇಳಿಸಿದರೆ ಅಲುಗಾಟ ಕಂಡು ಓಡಿ ಹೋಗುತ್ತದೆ, ಹಿಡಿದೇ ಇರೋಣವೆಂದರೆ ತೋಳು ಸೋಲುತ್ತಿದೆ. ಕೊನೆಗೆ ಸೋತು ಬಿಟ್ಟರು. ಬಾಣ ಹೊಟ್ಟೆಗೆ ತಾಗಿತು. ಎರಡು ದಿನ ರಕ್ತದ ಜಾಡು ಹಿಡಿದು ನಡೆದರೂ ಆ ಪ್ರಾಣಿ ಸಿಗಲಿಲ್ಲ. ಎಲ್ಲಿ ಬಿದ್ದು ಎಷ್ಟು ಹೊತ್ತು ಒದ್ದಾಡಿತೋ ಅಲ್ಲಾಹನಿಗೇ ಗೊತ್ತು ಎಂದು ಹಾಶಿಮ್ ನಮ್ಮ ಊಟದ ಮೇಜಿನಲ್ಲೇ ಕೂತು ಹೇಳಿದ್ದರು. ಅವತ್ತು ಅವರ ತಟ್ಟೆಯ ಮೀನು ಹಾಗೇ ಉಳಿದಿತ್ತು.

ಹೀಗೆ ಶುರುವಾಯಿತು. ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಲುಸೈಲಿನ ಒಂದು ಕ್ಲಬ್ಬಿಗೆ ಹೋಗಿ ಬಾಣ ಬಿಡುವುದು. ನಿಂತು, ಮೊಣಕಾಲೂರಿ, ಸ್ಟೂಲಿನಲ್ಲಿ ಕೂತು, ಎಡಕ್ಕೆ ತಿರುಗಿ, ಬಲಕ್ಕೆ ವಾಲಿ. ಅಲ್ಲಿಯ ಬಿಲ್ಲು ಎರಡೂ ತುದಿಯಲ್ಲಿ ಗಾಲಿ ಇರುವಂಥದ್ದು. ಎಳೆಯುವಾಗ ಜೀವ ಹೋಗುತ್ತದೆ, ಪೂರ್ತಿ ಎಳೆದ ಮೇಲೆ ಭಾರ ಕಡಿಮೆಯಾಗುತ್ತದೆ. ಕಡಿಮೆ ಎಂದರೂ ತುಂಬಿದ ಬಕೆಟ್ಟನ್ನು ಮೊಣಕೈ ಹಿಂದಕ್ಕೆಳೆದು ಹಿಡಿದಷ್ಟು. ಆ ಬಿಲ್ಲನ್ನು ಕ್ಲಬ್ಬಿನಿಂದ ಹೊರಗೆ ತರಲು ಬಿಡುವುದಿಲ್ಲ. ಮನೆಯ ಅಭ್ಯಾಸಕ್ಕೆ ಹಾಶಿಮ್ ಒಂದು ರಬ್ಬರಿನ ತರಬೇತಿ ಬಿಲ್ಲು ಕೊಟ್ಟರು, ಅದರಲ್ಲಿ ಬಾಣ ಇಡಲು ಜಾಗವೇ ಇಲ್ಲ. ಕ್ಲಬ್ಬಿನಲ್ಲಿ ಗುರಿ ಅಭ್ಯಾಸ, ಮನೆಯಲ್ಲಿ ಹಿಡಿಯುವ ಅಭ್ಯಾಸ. ಹೊತ್ತು ಎಣಿಸುವ ಕೆಲಸ ನನ್ನದು.

ಮೊದಲು ಫೋನಿನಲ್ಲಿ ನೋಡಿದೆವು. ಅವನು ಕಣ್ಣು ಫೋನಿನ ಕಡೆಗೇ ಹೊರಳಿಸುತ್ತಿದ್ದ, ಅದು ಕೀಂ ಎಂದ ತಕ್ಷಣ ಬೆಚ್ಚಿ ಕೈ ಬಿಡುತ್ತಿದ್ದ. ಆಗ ಅವನೇ ಹೇಳಿದ, ಫೋನು ಬೇಡ, ನೀನು ನಮಾನ್ ಮರಿಯೆ ಹೇಳು ಎಂದು. ನಮ್ಮ ಮನೆಗಳಲ್ಲಿ ಅದು ಹಳೆಯ ಅಳತೆ. ನನ್ನ ಅತ್ತೆ ಮೊಟ್ಟೆ ಬೇಯಿಸುತ್ತಿದ್ದದ್ದು, ಗಂಜಿ ಇಳಿಸುತ್ತಿದ್ದದ್ದು ಎಲ್ಲ ಮರಿಯ ಮಾತೆಗೆ ಹೇಳುವ ಆ ಚಿಕ್ಕ ಪ್ರಾರ್ಥನೆಯ ಲೆಕ್ಕದಲ್ಲೇ. ಗಡಿಯಾರ ಇದ್ದರೂ ಅದೇ ಲೆಕ್ಕ. ಮೊದಲ ದಿನ ಫೋನಿನ ಜೊತೆ ತಾಳೆ ಹಾಕಿದೆವು. ಸಮಾಧಾನದಲ್ಲಿ ಹೇಳಿದರೆ ನಾಲ್ಕು ನಮಾನ್ ಮರಿಯೆಗೆ ಸರಿಯಾಗಿ ಒಂದು ನಿಮಿಷ.

ಡಿಸೆಂಬರಿನಲ್ಲಿ ಎರಡು ಮುಗಿಯುವಷ್ಟರಲ್ಲಿ ಅವನ ತೋಳು ಕೆಳಗೆ. ಜನವರಿಯಲ್ಲಿ ಮೂರು. ಫೆಬ್ರವರಿ ಮೊದಲ ವಾರ ನಾಲ್ಕು ಮುಟ್ಟಿದ, ಎರಡನೇ ವಾರ ಐದು. ಐದಾದ ದಿನ ಅವನು ಸ್ಟೂಲಿನಿಂದ ಎದ್ದು ನನ್ನನ್ನು ಹಿಡಿದು ಒಂದು ಸುತ್ತು ತಿರುಗಿಸಿದ. ಬೆವರು ನಾರುತ್ತಿದ್ದರೂ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಒಂದೂಕಾಲು ನಿಮಿಷ ಹಿಡಿಯುತ್ತೇನೆ ಎಂದು ಬಂದರಿಡೀ ಹೇಳಿಕೊಂಡು ಬಂದ. ಅರವತ್ತಕ್ಕೆ ಹುಡುಗನಾಗುತ್ತಿದ್ದೇನೆ ರೆನಿ ಎಂದು ಕನ್ನಡಿಯ ಮುಂದೆ ನಿಂತು ತೋಳು ನೋಡಿಕೊಂಡ. ಆದರೂ ನಾಲ್ಕನೆಯದರ ಹೊತ್ತಿಗೆ ಬಿಲ್ಲಿನ ತುದಿ ಸಣ್ಣಗೆ ನಡುಗುವುದು ನನಗೆ ಕಾಣುತ್ತಿತ್ತು. ಸುಸ್ತಿನ ನಡುಕ, ಯಾರಿಗಾದರೂ ಬರುವುದೇ ಎಂದುಕೊಂಡೆ. ಯೋಚಿಸುವಷ್ಟು ತ್ರಾಣವಾದರೂ ನನ್ನಲ್ಲಿ ಎಲ್ಲಿತ್ತು. ನಮ್ಮ ವಾರ್ಡಿನ ಇಬ್ಬರು ನರ್ಸುಗಳು ಕೆಲಸ ಬಿಟ್ಟು ಹೋಗಿದ್ದರು, ಅವರ ಪಾಲಿನ ಹಾಸಿಗೆಗಳೂ ನನ್ನ ತಲೆಗೆ ಬಂದಿದ್ದವು. ಸೋಫಾದಲ್ಲಿ ಅರ್ಧ ಮಲಗಿಯೇ ಪ್ರಾರ್ಥನೆ ಹೇಳುತ್ತಿದ್ದೆ.

ಮಾರ್ಚ್ ಮೊದಲ ಶುಕ್ರವಾರ ಪರೀಕ್ಷೆ. ಕ್ಲಬ್ಬಿನಲ್ಲಿ ಹಾಶಿಮ್ ಮತ್ತು ಅವರ ಭಾವ ಝಕರಿಯಾ ಇದ್ದರು. ಝಕರಿಯಾ ಮೊದಲೇ ಪಾಸಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಲೆಸ್ಲಿ ಸ್ಟೂಲಿನ ಮೇಲೆ ಕೂತು ಬಿಲ್ಲೆಳೆದ. ಹಾಶಿಮ್ ಕೈಯಲ್ಲಿ ಸ್ಟಾಪ್‌ವಾಚ್. ನಾನು ಹಿಂದೆ ನಿಂತು ಅಭ್ಯಾಸಬಲದಿಂದ ತುಟಿಯೊಳಗೇ ನಮಾನ್ ಮರಿಯೆ ಶುರು ಮಾಡಿದೆ. ನಾಲ್ಕು ಮುಗಿಯಿತು, ಹಾಶಿಮ್ ನಿಮಿಷ ಆಯಿತೆನ್ನಲಿಲ್ಲ. ಐದನೆಯದರ ಅರ್ಧಕ್ಕೆ ಲೆಸ್ಲಿಯ ಭುಜ ಕುಸಿದು ಬಿಲ್ಲು ಮುಂದಕ್ಕೆ ಹೋಯಿತು. ಮೂವತ್ತೆಂಟು ಸೆಕೆಂಡ್ ಎಂದರು ಹಾಶಿಮ್.

ವಾಚು ಕೆಟ್ಟಿದೆ ಎಂದ ಲೆಸ್ಲಿ. ಝಕರಿಯಾ ತನ್ನ ಫೋನು ತೆಗೆದ. ಹತ್ತು ನಿಮಿಷ ಬಿಟ್ಟು ಮತ್ತೆ ಎಳೆದಾಗ ಮೂವತ್ತಾರು. ಲೆಸ್ಲಿ ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಬಲಗೈಯನ್ನೇ ನೋಡುತ್ತಾ ಕೂತ. ಆ ಮುಖ ನಾನು ವಾರ್ಡಿನಲ್ಲಿ ನೋಡಿದ್ದೇನೆ, ರಿಪೋರ್ಟು ಕೈಗೆ ಬಂದವರದ್ದು.

ನನಗೆ ಅಲ್ಲಿಯೇ ಹೊಳೆಯಿತು. ತೇರ್ಸ್ ಹೇಳುವವರಿಗೆ ಇದು ಗೊತ್ತಿರುತ್ತದೆ. ಜಪಮಾಲೆಯ ಐವತ್ತು ಮಣಿ ಮುಗಿಸಿ ಊಟಕ್ಕೇಳಬೇಕಾದ ಮನೆಯಲ್ಲಿ ಪ್ರಾರ್ಥನೆ ನಡೆಯುವುದಿಲ್ಲ, ಓಡುತ್ತದೆ. ಒಬ್ಬರದ್ದು ಮುಗಿಯುವ ಮೊದಲೇ ಇನ್ನೊಬ್ಬರು ಹಿಡಿಯುತ್ತಾರೆ. ನನ್ನ ಅಪ್ಪನ ಮನೆಯಲ್ಲಿ ನಾನೇ ಎಲ್ಲರಿಗಿಂತ ಜೋರು. ದಣಿದಾಗ ನನ್ನ ನಾಲಿಗೆ ತಾನಾಗಿಯೇ ಆ ಓಟಕ್ಕೆ ಬೀಳುತ್ತದೆ. ವಾರ್ಡಿನಲ್ಲಿ ಕೆಲಸ ಹೆಚ್ಚಿದಂತೆಲ್ಲ ಮನೆಯಲ್ಲಿ ನನ್ನ ನಮಾನ್ ಮರಿಯೆ ಗಿಡ್ಡವಾಗುತ್ತಾ ಬಂದಿದೆ. ಅವನ ತೋಳು ಗಟ್ಟಿಯಾಗಿದ್ದು ಅರ್ಧದಷ್ಟೇ, ಉಳಿದದ್ದೆಲ್ಲ ನನ್ನ ಸುಸ್ತು. ಐದು ಎಂದು ಅವನು ನನ್ನನ್ನು ಹಿಡಿದು ಕುಣಿದ ದಿನ ಅದು ನಲವತ್ತು ಸೆಕೆಂಡೂ ಇದ್ದಿರಲಾರದು.

ಮೂರು ಗಂಡಸರ ಮುಂದೆ ನಿಂತು ಹೇಳಿದೆ. ತಪ್ಪು ನನ್ನದು, ನಾನು ಓಡಿಸಿದ್ದೇನೆ ಎಂದು. ಝಕರಿಯಾ ಹೊಟ್ಟೆ ಹಿಡಿದು ನಕ್ಕ. ಹಾಶಿಮ್ ನಗಲಿಲ್ಲ. ಟಿಕೆಟ್ ಮಾಡಲು ಇನ್ನೂ ಮೂರು ವಾರ ಉಂಟು ಪೊರ್ಬುಲೇ, ಈ ಸಲ ಬಾಯಿಯವರು ನಿಧಾನ ಹೇಳಲಿ ಎಂದರು. ಊರಿನ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಕರೆಯುವುದು ಬಾಯಿ ಎಂದೇ. ಲೆಸ್ಲಿಯ ಮುಖಕ್ಕೆ ಮತ್ತೆ ರಕ್ತ ಬಂತು. ನನ್ನ ಮೇಲೆ ಸಿಟ್ಟಾಗಬೇಕಿದ್ದವನು ಕಾರಿನಲ್ಲಿ ಶಿಳ್ಳೆ ಹಾಕಿದ. ಕೈಯ ತಪ್ಪಲ್ಲ ಅಲ್ಲವೇ, ಕೈ ಸರಿ ಉಂಟಲ್ಲವೇ ಎಂದು ಎರಡೆರಡು ಸಲ ಕೇಳಿದ. ಸರಿ ಉಂಟು ಮಾರಾಯಾ, ನಾಲಿಗೆ ನನ್ನದು ಸರಿ ಇಲ್ಲ ಎಂದೆ.

ಆ ಮೂರು ವಾರ ನಾನು ಮಾಡಿದಂಥ ಪ್ರಾರ್ಥನೆಯನ್ನು ಹುಟ್ಟಿದ ಮೇಲೆ ಬೇರೆ ಯಾವತ್ತೂ ಮಾಡಿಲ್ಲ. ಒಂದೊಂದು ಶಬ್ದವನ್ನೂ ಚಿಕ್ಕ ಮಕ್ಕಳಿಗೆ ಕಲಿಸುವ ಹಾಗೆ ಬಿಡಿಸಿ ಹೇಳಿದೆ. ಯೂನಿಫಾರ್ಮು ಕೂಡ ಬಿಚ್ಚದೆ, ನೆಟ್ಟಗೆ ಕುರ್ಚಿಯಲ್ಲಿ ಕೂತು, ತೂಕಡಿಕೆ ಬಂದರೆ ತೊಡೆ ಚಿವುಟಿಕೊಂಡು. ಅವನು ಸ್ಟೂಲಿನ ಮೇಲೆ ಕೂತು ಎಳೆದು ಹಿಡಿಯುವನು, ನಾನು ಫೋನನ್ನು ಅವನಿಗೆ ಕಾಣದ ಹಾಗೆ ಮಡಿಲಲ್ಲಿಟ್ಟು ತಾಳೆ ನೋಡುವೆ. ನಲವತ್ತು ಸೆಕೆಂಡ್, ನಲವತ್ತನಾಲ್ಕು, ನಲವತ್ತೊಂಬತ್ತು, ಒಂದು ದಿನ ಐವತ್ತೊಂದು. ಅಲ್ಲಿಗೆ ನಿಂತಿತು. ಮಾರನೇ ದಿನ ನಲವತ್ತಾರು. ಮೂರನೆಯದು ಮುಗಿದ ಕೂಡಲೇ ನಡುಕ ಬರುತ್ತಿತ್ತು, ನಡುಕದ ಹಿಂದೆ ತೋಳು ಬೀಳುತ್ತಿತ್ತು. ಕಾಫಿ ಕಡಿಮೆ ಮಾಡಿದ, ಏಸಿ ಆರಿಸಿದ, ಭುಜಕ್ಕೆ ನನ್ನಿಂದ ಎಣ್ಣೆ ತಿಕ್ಕಿಸಿಕೊಂಡ. ನನಗೆ ಬೇಸರ ಬಂದು ಹೋಗಿತ್ತು. ಅವನ ಮೇಲಲ್ಲ, ಆ ಬಿಲ್ಲಿನ ಮೇಲೆ, ಹಾಶಿಮರ ಆ ಒಂದು ನಿಮಿಷದ ಮೇಲೆ. ಯಾವ ಜಿಂಕೆ ಸೆಕೆಂಡು ಲೆಕ್ಕ ಹಾಕಿ ನಿಲ್ಲುತ್ತದೆ, ಕರೆದುಕೊಂಡು ಹೋದರೆ ಇವರ ಗಂಟೇನು ಹೋಗುತ್ತದೆ ಎಂದು ತರಕಾರಿ ಹೆಚ್ಚುವಾಗೆಲ್ಲ ಗೊಣಗಿದೆ.

ಕೊನೆಯ ಶುಕ್ರವಾರ ಬಂತು. ಝಕರಿಯಾ ಇರಲಿಲ್ಲ, ನಾವು ಮೂವರೇ. ಲೆಸ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ನಿಂತು ಒಂದು ಬಾಣ, ಮೊಣಕಾಲೂರಿ ಒಂದು ಬಾಣ ಸಲೀಸಾಗಿ ಬಿಟ್ಟ, ಅವೆರಡಕ್ಕೂ ಹೊತ್ತಿನ ಲೆಕ್ಕ ಇಲ್ಲ. ಆಮೇಲೆ ಸ್ಟೂಲಿನಲ್ಲಿ ಕೂತು ಎಡಕ್ಕೆ ತಿರುಗಿ ಎಳೆದ. ಹಾಶಿಮ್ ವಾಚು ಒತ್ತಿದರು. ಈ ಸಲ ನಾನು ಪ್ರಾರ್ಥನೆ ಹೇಳಲಿಲ್ಲ, ಹಾಶಿಮರ ಹಿಂದೆ ಹೋಗಿ ವಾಚನ್ನೇ ನೋಡಿದೆ.

ಮೂವತ್ತರವರೆಗೆ ಕಲ್ಲಿನ ಹಾಗೆ ಕೂತಿದ್ದ. ಮೂವತ್ತೈದಕ್ಕೆ ಬಾಣದ ತುದಿ ಅಲುಗಿತು. ನಲವತ್ತಕ್ಕೆ ಅದು ಗಾಳಿಯಲ್ಲಿ ಸಣ್ಣ ಸಣ್ಣ ಸೊನ್ನೆ ಬರೆಯುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿ, ಕಿವಿ ಕೆಂಪಾಗಿತ್ತು. ಹಿಡಿ ಲೆಸ್ಲಿ, ಹಿಡಿ ಎಂದು ನನ್ನ ಒಳಗಿನದ್ದೆಲ್ಲ ಕೂಗುತ್ತಿತ್ತು. ಆಗ ಹಾಶಿಮ್ ವಾಚಿನ ಗುಂಡಿ ಒತ್ತಿ, ತುಂಬ ಸಹಜವಾಗಿ, ಖಲಾಸ್ ಪೊರ್ಬುಲೇ, ನಿಮಿಷ ಆಯಿತು, ಬಿಡಿ ಎಂದರು.

ಬಾಣ ಹೋಯಿತು. ತಟ್ಟೆಯ ಅಂಚಿನಿಂದ ಎರಡು ಬೆರಳು ಒಳಗೆ ನಾಟಿತು. ಲೆಸ್ಲಿ ಬಿಲ್ಲು ಎತ್ತಿ ನಮ್ಮ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು, ಬಾಯಿ ತುಂಬ ನಗು. ಹಾಶಿಮ್ ಹೋಗಿ ಅವನನ್ನು ತಬ್ಬಿಕೊಂಡರು.

ವಾಚಿನಲ್ಲಿ ಇದ್ದದ್ದು ನಲವತ್ತೇಳು.

ನಾನು ನೋಡಿದ್ದು ಹಾಶಿಮರಿಗೆ ಗೊತ್ತಾಯಿತು. ಲೆಸ್ಲಿಯ ಭುಜದ ಮೇಲಿನಿಂದ ನನ್ನ ಕಡೆ ನೋಡಿ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದರು, ಸುಮ್ಮನಿರಿ ಎನ್ನುವ ಹಾಗೆ. ಸ್ನೇಹಕ್ಕಾಗಿ ಮಾಡಿದ್ದು. ತನ್ನದೇ ಶರತ್ತನ್ನು ಆ ಮನುಷ್ಯ ತನ್ನ ಕೈಯಾರೆ ಮುರಿದಿದ್ದರು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲು ನನಗೆ ಎಷ್ಟು ಆಸೆ ಇತ್ತೆಂದರೆ, ಹಲ್ಲು ಕಚ್ಚಿ ಹಿಡಿದೆ. ಆದರೆ ಮೂರು ತಿಂಗಳು ನಾನೇ ಅವನಿಗೆ ಸುಳ್ಳು ಲೆಕ್ಕ ಕೊಟ್ಟಿದ್ದೆ, ಅದು ಗೊತ್ತಿಲ್ಲದೆ ಆದದ್ದು. ಇದು ಗೊತ್ತಿದ್ದೂ ಆಗುವುದು. ಮತ್ತೆ ಗಾಳಿಯಲ್ಲಿ ಸೊನ್ನೆ ಬರೆಯುತ್ತಿದ್ದ ಆ ತುದಿಯನ್ನು ನಾನು ಕಣ್ಣಾರೆ ಕಂಡಿದ್ದೆ.

"ನಲವತ್ತೇಳು," ಎಂದೆ. "ನಿಮಿಷ ಆಗ್ಲಿಲ್ಲ ಲೆಸ್ಲಿ."

"ಬಿಡಿ ಬಾಯಿ," ಎಂದರು ಹಾಶಿಮ್. "ಬಾಣ ತಾಗ್ಲಿಲ್ವಾ? ಹದಿಮೂರು ಸೆಕೆಂಡಲ್ಲಿ ಎಂತ ಉಂಟು?"

"ಎಂತ ಉಂಟು ಅಂತ ನನ್ನಿಂದ ಜಾಸ್ತಿ ನಿಮಗೆ ಗೊತ್ತುಂಟು."

ಹಾಶಿಮ್ ನೆಲ ನೋಡಿದರು. ಲೆಸ್ಲಿ ನನ್ನನ್ನು ನೋಡಿದ, ಅವರನ್ನು ನೋಡಿದ, ಅವರ ಕೈಯಿಂದ ವಾಚು ತೆಗೆದುಕೊಂಡು ಅದನ್ನೂ ನೋಡಿದ. ಬಿಲ್ಲನ್ನು ಕೊಂಡುಹೋಗಿ ಗೋಡೆಯ ಗೂಟಕ್ಕೆ ತೂಗುಹಾಕಿ, ಕಾರಿನ ಕಡೆ ನಡೆದ. ಬಿಲ್ಲಿಲ್ಲದೆಯೂ ಬನ್ನಿ, ನಮ್ಮ ಜೊತೆ ಕೂತು ನೋಡಿ ಎಂದು ಹಾಶಿಮ್ ಹಿಂದೆಯೇ ಬಂದು ಹೇಳಿದರು. ಲೆಸ್ಲಿ ಕಿಟಕಿ ಏರಿಸಿದ.

ಕಾರು ಓಡಿಸಿದ್ದು ನಾನು. ಲುಸೈಲಿನಿಂದ ಮನೆಯವರೆಗೆ ಅವನು ಕೈಗಳನ್ನು ತೊಡೆಯ ಅಡಿಯಲ್ಲಿಟ್ಟುಕೊಂಡು ಕೂತಿದ್ದ. ನನಗೆ ಅಳು ಬಂತು, ಸಿಗ್ನಲ್ಲಿನಲ್ಲಿ ಒರೆಸಿಕೊಂಡೆ. ಅವನು ಬಿಲ್ಲು ಬಿಡಲಿ ಎಂದು ಎಷ್ಟು ಹರಕೆ ಹೊತ್ತಿದ್ದೆನೋ, ಬಿಟ್ಟಾಗ ಎದೆ ಒಡೆಯಿತು. ಅವತ್ತೂ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಒಳಗೆ ಬಂದು ಚಹಾಕ್ಕಿಟ್ಟೆ. ಎರಡು ಲೋಟ ಮೇಜಿನ ಮೇಲಿಟ್ಟಾಗ ಅವನು ಬಂದು ಎದುರು ಕೂತ.

"ನೀನು ಸುಮ್ಮನೆ ಇರಬಹುದಿತ್ತು," ಎಂದ.

"ಹೌದು. ಇರಬಹುದಿತ್ತು."

"ಹೋಗ್ತಿದ್ದೆ. ಅಲ್ಲಿ ಬಾಣವೂ ಬಿಡ್ತಿದ್ದೆ." ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. "ಇವತ್ತು ನಲವತ್ತಾದ ಮೇಲೆ ನನಗೆ ಗುರಿಯೇ ಕಾಣ್ತಿರ್ಲಿಲ್ಲ ರೆನಿ. ಕೈ ನಡುಗುದು ನೋಡ್ಲಿಕ್ಕೆ ಆಗದೆ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿಯೇ ಬಿಟ್ಟದ್ದು."

ಯಾರಿಗಾದರೂ ತೋಳು ಸೋತರೆ ನಡುಗುತ್ತದೆ ಎಂದು ಶುರು ಮಾಡಿದೆ. ಅವನು ಬೇಡ ಎನ್ನುವಂತೆ ತಲೆ ಆಡಿಸಿ ತನ್ನ ಬಲಗೈಯನ್ನು ಮೇಜಿನ ಮೇಲೆ, ಲೋಟಗಳ ನಡುವೆ, ಮಗ್ಗುಲಾಗಿ ಇಟ್ಟ. ಎಳೆಯಲು ಏನೂ ಇರಲಿಲ್ಲ, ಹಿಡಿಯಲು ಏನೂ ಇರಲಿಲ್ಲ. ಸುಮ್ಮನೆ ಬಿದ್ದುಕೊಂಡಿದ್ದ ಕೈ. ಅದರ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ತಾಗುತ್ತಾ ಬಿಡುತ್ತಾ ತಮ್ಮಷ್ಟಕ್ಕೆ ಆಡುತ್ತಿದ್ದವು.

ಮೂವತ್ತೆರಡು ವರ್ಷದ ನರ್ಸು ನಾನು. ನಡುಕದ ಕಾಯಿಲೆ ಹಿಡಿದ ಅಂಥ ಕೈಗಳನ್ನು ಎಷ್ಟು ಹಿಡಿದಿದ್ದೇನೆ, ಎಷ್ಟು ಜನರಿಗೆ ಚಮಚದಲ್ಲಿ ಊಟ ಕೊಟ್ಟಿದ್ದೇನೆ. ಬೇರೆಯವರ ಕೈಯಲ್ಲಾಗಿದ್ದರೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ನನ್ನ ಮನೆಯ ಹಾಲಿನಲ್ಲಿ, ನನ್ನ ಕಣ್ಣ ಮುಂದೆ ನಾಲ್ಕು ತಿಂಗಳು ಆಡಿದ್ದನ್ನು ಸುಸ್ತು ಎಂದುಕೊಂಡು ಸೋಫಾದಲ್ಲಿ ಮಲಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಯಾವಾಗಿಂದ?" ಎಂದು ಕೇಳಿದೆ.

"ಅಕ್ಟೋಬರ್."

ಹಾಶಿಮ್ ಅವನನ್ನು ಬೇಟೆಗೆ ಕರೆದದ್ದು ನವೆಂಬರಿನಲ್ಲಿ.

"ಒಂದು ನಿಮಿಷ ಹಿಡಿದ್ರೆ ಕೈಗೆ ಕಾಯಿಲೆ ಎಂತ ಇಲ್ಲ ಅಂತ ಲೆಕ್ಕ ಹಾಕಿದ್ದೆ," ಎಂದ ಲೆಸ್ಲಿ. "ಜಿಂಕೆ ಗಿಂಕೆ ಎಲ್ಲ ಆಮೇಲೆ. ಐದಾಯ್ತು ಅಂತ ನೀನು ಹೇಳಿದ ದಿನ ನಾನು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ, ಗೊತ್ತುಂಟಾ ನಿನಗೆ."

ಗೊತ್ತಿರಲಿಲ್ಲ. ಎದ್ದು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಡಿದರೂ ಒಳಗೆ ಅದು ಆಡುತ್ತಲೇ ಇತ್ತು. ಇಬ್ಬರೂ ಅತ್ತೆವು. ಚಹಾ ತಣ್ಣಗಾಯಿತು, ಅದನ್ನು ಚೆಲ್ಲಿ ಬೇರೆ ಮಾಡಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ನನಗೆ ಡ್ಯೂಟಿ ಇತ್ತು, ನರದ ಡಾಕ್ಟರಿಗೆ ತೋರಿಸಲು ಅವನನ್ನೂ ಕರೆದುಕೊಂಡು ಹೋದೆ.